ತುದಿಗೆ ಸೊನ್ನಿ

ವಿರುಪಣ್ಣನ ಬಗ್ಗೆ ಛಲೋ ಮಾತು ಕೇಳಬೇಕಂದ್ರ ಬ್ಯಾರೆ ಯಾರನ್ನಾರ ಕೇಳ್ರಿ, ನನ್ನ ಕೇಳಬ್ಯಾಡ್ರಿ. ಹತ್ತು ವರ್ಷದಿಂದ ಈ ಮನುಷ್ಯ ನನ್ನ ಹೊಟ್ಟಿ ಉರಸಾಕ ಹತ್ಯಾನ. ಊರಾಗ ಎಲ್ಲರೂ ಅವನ ಹೆಸರು ಹೇಳಿದ್ರ ಕೈ ಮುಗಿಯೋದೊಂದು ಬಾಕಿ. ನಾನು ಮಾತ್ರ ಇದ್ದದ್ದು ಇದ್ದಂಗ ಹೇಳಾಕಿ, ಅದಕ್ಕ ನನ್ನ ಬಾಯಿ ಸರಿ ಇಲ್ಲ ಅಂತಾರ. ಅನ್ನಲಿ.

ನಮ್ಮ ಸಾಲಿ ತಾವರಗೇರಾದಿಂದ ಆರು ಕಿಲೋಮೀಟರ್ ದೂರ. ಎರಡು ಕೋಣಿ, ಒಂದು ಅಡಗಿ ಮನಿ, ಮುಂದ ಒಂದು ಬೇವಿನ ಗಿಡ, ಗಿಡದ ಬುಡಕ ಕಟ್ಟಿ. ಆ ಕಟ್ಟಿ ಮ್ಯಾಲೆ, ನನ್ನ ಕೋಣಿ ಕಿಟಕಿಗೆ ಸರಿಯಾಗಿ, ವಿರುಪಣ್ಣ ಕುಂತಿರತಾನ. ಬೆಳಿಗ್ಗೆ ಪ್ರಾರ್ಥನಿ ಹೊತ್ತಿಗೆ ಬಂದು ಕುಂತ್ರ ಸಾಲಿ ಬಿಡೋ ಗಂಟಿ ಹೊಡಿಯೂತನಕ ಏಳಂಗಿಲ್ಲ. ವಯಸ್ಸು ಎಪ್ಪತ್ತು ದಾಟೈತಿ, ಕಿವಿ ಮಾತ್ರ ಚುರುಕದಾವ. ಒಳಗ ನಾ ಏನ್ ಹೇಳಿದ್ರೂ ಹೊರಗ ಇವಗ ಕೇಳಬೇಕು, ಕೇಳಿದ ಮ್ಯಾಲೆ ಅದಕ್ಕೊಂದು ಕೊಂಕು ತಗೀಬೇಕು. ಮಗ ಸೊಸಿ ಮಂಗಳೂರಿಗೆ ಕಟ್ಟಡದ ಕೆಲಸಕ್ಕ ಹೋಗ್ಯಾರ. ಮೊಮ್ಮಗಳು ಹುಲಗೆಮ್ಮ ಇವನ ಹಂತ್ಯಾಕ ಬೆಳ್ಯಾಕ ಹತ್ಯಾಳ, ಹೋದ ವರ್ಷ ನನ್ನ ಎರಡನೇತ್ತಿ ಕ್ಲಾಸಿನ ಹುಡುಗಿ. ಆಕಿ ಪಾಲಕ ಅನ್ನೋ ಹೆಸರಿನ ಮ್ಯಾಲೆ ಇಂವ ಸಾಲಿ ಸಮಿತಿಗೆ ಅಧ್ಯಕ್ಷ ಆಗ್ಯಾನ. ಕಟ್ಟಿ ಮ್ಯಾಲೆ ಕುಂತು ಮೂಗು ತೂರಸಾವಗ ಮ್ಯಾಲೊಂದು ಖುರ್ಚಿ ಸಿಕ್ಕಂಗಾತು.

ನಾನು ದುರ್ಗಾದೇವಿ, ಅತಿಥಿ ಶಿಕ್ಷಕಿ. ಅತಿಥಿ ಅನ್ನೋದು ಹೆಸರಿಗಷ್ಟ. ಮಾರ್ಚಿಗೆ ಹೋಗು ಅಂತಾರ, ಜೂನಿಗೆ ಬೇಕಾದ್ರ ಬಾ ಅಂತಾರ, ಬ್ಯಾಡಾದ್ರ ಅದನ್ನೂ ಹೇಳಂಗಿಲ್ಲ. ಒಂದನೇತ್ತಿಯಿಂದ ಮೂರನೇತ್ತಿ ತನಕ ಎಲ್ಲಾ ಹುಡುಗರೂ ನನ್ನ ಕೋಣ್ಯಾಗ. ಕಾಗದದಾಗ ನಂದು ಒಂಬತ್ತು ವರ್ಷ ಆಗೈತಿ.

ಕಾಗದದಾಗ ಅಂತ ಯಾಕಂದೆ ಅಂದ್ರ, ಅದಕ್ಕೂ ಮೊದಲ ಒಂದು ವರ್ಷ ಐತಿ. ಆ ಜೂನಿನಾಗ ಇಲ್ಲಿದ್ದ ಟೀಚರ್ ಹೆರಿಗಿ ರಜಾ ಹಾಕಿ ಹೋದ್ರು. ಆವಾಗಿನ ಹೆಡ್ ಮಾಸ್ತರು, 'ನೀವು ಬಂದು ಸುರು ಮಾಡ್ರಿ, ಆದೇಶ ಹಿಂದಿಂದ ಬರತೈತಿ' ಅಂದ್ರು. ನಾ ಬಂದೆ. ಕಂಕುಳಾಗ ಒಂದೂವರಿ ವರ್ಷದ ಮಗನ್ನ ಹೊತ್ತುಕೊಂಡು, ಜೂನಿಂದ ಮಾರ್ಚ್ ತನಕ ಒಂದು ದಿನ ತಪ್ಪಿಸಲಿಲ್ಲ. ಆದೇಶ ಬರಲಿಲ್ಲ. ಆ ಹೆಡ್ ಮಾಸ್ತರು ವರ್ಗಾ ಆಗಿ ಹೋದ್ರು. ಮುಂದಿನ ವರ್ಷ ಆದೇಶ ಬಂತು, ಅವತ್ತಿಂದ ನಂದು ಒಂದನೇ ವರ್ಷ ಅಂತ ಹಾಜರಿ ಪುಸ್ತಕದಾಗ ಬರದ್ರು.

ಆ ಆದೇಶ ಇಲ್ಲದ ವರ್ಷದಾಗನ ವಿರುಪಣ್ಣ ಕಟ್ಟಿಗೆ ಬಂದು ಕುಂತದ್ದು. ನಾ ಮಗನ್ನ ಹೊತ್ತುಕೊಂಡು ಗೇಟು ದಾಟೋದು ನೋಡಿ ನಾಕು ಮಂದಿ ಮುಂದ, 'ಬಂದ್ಳು ನೋಡ್ರಿ ನಮ್ಮ ಪುಕ್ಕಟ್ಟಿ ಟೀಚರವ್ವ' ಅಂದಿದ್ದ. ಮಂದಿ ನಕ್ಕರು. ಊರೆಲ್ಲಾ ನನಗ ಟೀಚರ್ರಿ ಅಂತ ಕರೀತಾರ, ಇಂವ ಇವತ್ತಿಗೂ 'ಏ ದುರಗವ್ವಾ' ಅಂತಾನ. ಆ ನಗಿ ನಾ ಮರತಿಲ್ಲ, ಮರಿಯೋದೂ ಇಲ್ಲ.

ಇನ್ನ ಇವನ ಕಥಿ ಕೇಳ್ರಿ. ಹೊಲ ಇಲ್ಲ, ದನ ಇಲ್ಲ, ಇವನ ಹತ್ರ ಇದ್ದದ್ದು ಒಂದು ಹಿತ್ತಾಳಿ ಸೇರು. ಇವರಪ್ಪಂದೂ ಅದ ಕೆಲಸ, ಇವಂದೂ ಅದ ಕೆಲಸ. ಸುತ್ತ ಹತ್ತು ಊರಾಗ ಯಾರ ಕಣದಾಗ ರಾಶಿ ಆದ್ರೂ ಅಳ್ಯಾಕ ವಿರುಪಣ್ಣ ಬೇಕು. ಸಜ್ಜಿ, ಜ್ವಾಳ, ಕಡ್ಲಿ, ಹೆಸರು, ಎಲ್ಲಾ ಇವನ ಕೈಯಾಗಿಂದ ಚೀಲಕ್ಕ ಹೋಗಬೇಕು. ಸೇರು ತುಂಬಿ, ಮೊಣಕೈಲೆ ಮ್ಯಾಲಿನ ಕಾಳು ಸವರಿ, ಚೀಲಕ್ಕ ಸುರುವಿ, ಗಟ್ಟಿ ದನಿಲೆ ಎಣಿಸ್ತಿದ್ದನಂತ. ನಮ್ಮ ಕಡಿ ರಾಶಿ ಅಳಿಯುವಾಗ ಮೊದಲನೇ ಸೇರಿಗೆ ಒಂದು ಅನ್ನಂಗಿಲ್ಲ, ಲಾಭ ಅಂತಾರ. ಆ ಸೇರು ಹಣಿಗೆ ಮುಟ್ಟಿಸಿ, 'ಲಾಭ, ಲಾಭ, ಲಾಭ' ಅಂತ ಅನಕೋತ ಸುರುವತಾರ. ಆಮ್ಯಾಲೆ ಎರಡು, ಮೂರು, ನಾಕು. ಬರಿದು ಸೇರು ರಾಶಿ ಮುಂದ ತೋರಸಬಾರದು, ಇಲ್ಲ ಅನ್ನೋ ಮಾತು ಆಡಬಾರದು.

ಒಂದು ಸಲ ಇನ್ನೂರ ನಲವತ್ತು ಸೇರಿನ ಸಜ್ಜಿ ರಾಶಿ ಅಳಿಯುವಾಗ ಮನಿಯಿಂದ ಓಡಿ ಬಂದು ಗಂಡು ಕೂಸು ಹುಟ್ಟೇತಿ ಅಂದ್ರಂತ. ಇಂವ ತಲಿ ಎತ್ತಲಿಲ್ಲಂತ, ಇನ್ನೂರ ನಲವತ್ತು ಮುಗಿಸಿ, ಕೈ ಝಾಡಿಸಿ, ಆಮ್ಯಾಲೆ 'ಏನಂದಿ?' ಅಂದನಂತ. ಊರವರು ಇದನ್ನ ಪ್ರಾಮಾಣಿಕತನ ಅಂತ ಕಣ್ಣಾಗ ನೀರು ತಂದು ಹೇಳತಾರ. ಹಡದಾಕಿನ್ನ ಯಾರಾರ ಕೇಳ್ಯಾರೇನು? ಜಿದ್ದಿಗೆ ಪ್ರಾಮಾಣಿಕತನ ಅಂತ ಹೆಸರಿಟ್ರ ಅದು ಜಿದ್ದು ಆಗೋದು ತಪ್ಪಂಗಿಲ್ಲ.

ಆಮ್ಯಾಲೆ ಎಲ್ಲಾ ಕಡಿ ಕರೆಂಟಿನ ತೂಕದ ಕಾಟಾ ಬಂತು. ಚೀಲ ಇಟ್ರ ಕೆಂಪು ಅಂಕಿ ತೋರಸತೈತಿ, ಎಣಸಾವ ಬೇಕಿಲ್ಲ. ಒಬ್ಬೊಬ್ಬರಾಗಿ ಇವನ್ನ ಕರಿಯೋದು ಬಿಟ್ರು. ಕಡೀಗೆ ಒಂದು ಸುಗ್ಗ್ಯಾಗ ಒಬ್ಬರೂ ಕರೀಲಿಲ್ಲ. ಆ ವರ್ಷಾನ ಇಂವ ಸೇರು ಮನ್ಯಾಗ ಬೋರಲ ಹಾಕಿ ನಮ್ಮ ಸಾಲಿ ಕಟ್ಟಿಗೆ ಬಂದ. ರಾಶಿ ಹೋತು, ನಾ ಸಿಕ್ಕೆ.

ಹೋದ ವರ್ಷ ಆಗಸ್ಟಿನಾಗ ಎರಡನೇತ್ತಿಗೆ ಅಳತಿ ಪಾಠ ಬಂತು. ಮೊದಲ ಗೇಣಿಲೆ, ಆಮ್ಯಾಲೆ ಹೆಜ್ಜಿಲೆ ಅಳಿಸಿದೆ. ನಿಂಗ್ಯಾನ ಗೇಣಿಗೂ ರೇಣುಕಾನ ಗೇಣಿಗೂ ಹಲಗಿ ಬ್ಯಾರೆ ಬ್ಯಾರೆ ಬಂತು, ಹುಡುಗರು ಜಗಳಾಡಿದ್ರು. ಜಗಳ ಆದ ಮ್ಯಾಲೆ ಪಟ್ಟಿ ಕೊಟ್ಟೆ, ಎಲ್ಲರಿಗೂ ಒಂದ ನಮೂನಿ, ಹದಿನೈದು ಸೆಂಟಿಮೀಟರಿನ ಪ್ಲಾಸ್ಟಿಕ್ ಪಟ್ಟಿ. ಸೊನ್ನಿ ಗೀಟು ತೋರಿಸಿ, 'ಪೆನ್ಸಿಲಿನ ತುದಿ ಇಲ್ಲಿಗೆ ಹಚ್ರಿ, ಆ ಕಡಿ ತುದಿ ಎಲ್ಲಿಗೆ ಬರತೈತಿ ಆ ಅಂಕಿ ಓದ್ರಿ' ಅಂದೆ. ಇಷ್ಟ ಪಾಠ. ಇದರಾಗ ಏನ್ ತ್ರಾಸಿಲ್ಲ.

ಎಂಟು ಸೆಂಟಿಮೀಟರಿನ ಪೆನ್ಸಿಲಿಗೆ ಹನ್ನೆರಡು ಹುಡುಗರಾಗ ಒಂಬತ್ತು ಹುಡುಗರು 'ಒಂಬತ್ರಿ ಟೀಚರ್' ಅಂದ್ರು. ಹತ್ರ ಹೋಗಿ ನೋಡಿದ್ರ ಪೆನ್ಸಿಲಿನ ತುದಿ ಒಂದರ ಮ್ಯಾಲೆ ಇಟ್ಟಾರ. ತಿದ್ದಿದೆ. ಮತ್ತ ಒಂದರ ಮ್ಯಾಲೆ ಇಟ್ರು. ಕೈ ಹಿಡದು ಸೊನ್ನಿಗೆ ಹಚ್ಚಿದೆ. ನಾ ಆ ಕಡಿ ಹೊಳ್ಳಿದ್ದ ತಡ, ಮತ್ತ ಒಂದಕ್ಕ ಸರಿಸಿದ್ರು. ನನಗ ತಲಿ ಕೆಟ್ಟು, 'ಯಾಕ ಹಿಂಗ ಮಾಡತೀರಿ?' ಅಂತ ಕೇಳಿದೆ.

ಹುಲಗೆಮ್ಮ ಎದ್ದು ನಿಂತ್ಳು. 'ಸೊನ್ನಿಯಿಂದ ಅಳತಿ ಸುರು ಮಾಡಬಾರದಂತ್ರಿ. ಕೇಡಂತ್ರಿ. ಮುತ್ಯಾ ಎಲ್ಲರಿಗೂ ಹೇಳ್ಯಾನ್ರಿ.'

ಕಿಟಕಿ ಕಡಿ ನೋಡಿದೆ. ವಿರುಪಣ್ಣ ಕಟ್ಟಿ ಮ್ಯಾಲೆ ಎಲಿ ಅಡಿಕಿ ಹಾಕ್ಕೊಂಡು ನನ್ನ ಕಡಿನ ನೋಡಾಕ ಹತ್ತಿದ್ದ. ನಾ ಹೊರಗ ಹೋದೆ.

'ಅಜ್ಜಾರ, ನನ್ನ ಪಾಠದಾಗ ಯಾಕ ಬರತೀರಿ?' ಅಂದೆ.

'ನಾ ಎಲ್ಲಿ ಬಂದೀನಿ? ಕಟ್ಟಿ ಮ್ಯಾಲೆ ಕುಂತೀನಿ' ಅಂದ. 'ಹುಡುಗರು ಕೇಳಿದ್ವು, ಹೇಳಿದೆ. ನಲವತ್ತು ವರ್ಷ ಅಳದಾವ ನಾನು. ಇಲ್ಲ ಅನ್ನೋದರಿಂದ ಅಳತಿ ಸುರು ಮಾಡಿದ್ದು ನಾ ಎಲ್ಲೂ ಕಂಡಿಲ್ಲ. ನಿನ್ನ ಸಾಲ್ಯಾಗ ಕಂಡೆ.'

'ಇದು ರಾಶಿ ಅಲ್ರಿ, ಪಟ್ಟಿ.'

'ಅಳತಿ ಅಂದ ಮ್ಯಾಲೆ ಅಳತಿನ, ದುರಗವ್ವಾ.'

ಹುಡುಗರು ಕಿಟಕ್ಯಾಗ ನಿಂತು ಕೇಳಾಕ ಹತ್ತಿದ್ವು. ನನಗ ಸಿಟ್ಟು ನೆತ್ತಿಗೇರಿತ್ತು, ಇನ್ನೊಂದು ಮಾತು ಆಡಿದ್ರ ಬಾಯಾಗ ಬರಬಾರದ್ದು ಬರತಿತ್ತು. ಒಳಗ ಬಂದೆ. ಆ ವಾರ ಆ ಪಾಠ ಅಲ್ಲಿಗೆ ಬಿಟ್ಟೆ, ಮುಂದ ನೋಡೋಣಂತ. ಅದು ನನ್ನ ತಪ್ಪು. ಅದನ್ನೂ ಹೇಳತೀನಿ, ಬಿಡಂಗಿಲ್ಲ.

ಸೆಪ್ಟೆಂಬರಿನಾಗ ಹುಡುಗರಿಗೆ ಬೂಟು ಕೊಡೋ ಹೊತ್ತು ಬಂತು. ಸಮಿತಿಯವರು ಅಂಗಡ್ಯಾಗ ತರಬೇಕು, ಟೀಚರು ಪಾದದ ಅಳತಿ ಬರದು ಕೊಡಬೇಕು. ನಾ ಹುಡುಗರ ಕಡಿಂದನ ಅಳಿಸಿದೆ, ಕಲತಂಗೂ ಆಕ್ಕೈತಿ ಅಂತ. ಹಾಳಿ ಮ್ಯಾಲೆ ಪಾದ ಇಟ್ಟು ಗೀಟು ಎಳಿಯೋದು, ಹಿಮ್ಮಡಿಯಿಂದ ಹೆಬ್ಬೆರಳ ತನಕ ಎರಡನೇತ್ತಿಯವರು ಪಟ್ಟಿಲೆ ಅಳಿಯೋದು. ಪಟ್ಟಿ ಸಾಲದಿದ್ರ ಗುರುತು ಮಾಡಿ ಮುಂದ ಇಡೋದು. ನಾ ಅವತ್ತು ಮೊಬೈಲಿನಾಗ ಹಾಜರಿ ತುಂಬಾಕ ಹತ್ತಿದ್ದೆ, ನೆಟ್‌ವರ್ಕ್ ಸಿಗವಲ್ದು, ಒಳಗ ಹೊರಗ ಓಡ್ಯಾಡಿದೆ. ಮೂವತ್ತೊಂದು ಹುಡುಗರ ಯಾದಿ ಆತು. ಒಂದನ್ನೂ ತಿರುಗಿ ನೋಡಲಿಲ್ಲ. ಹೆಡ್ ಮಾಸ್ತರು ಮದಾರಸಾಬ ಸರ್ ಕೈಯಾಗ ಕೊಟ್ಟುಬಿಟ್ಟೆ.

ಬೂಟು ಬಂದ್ವು. ಒಂದೊಂದು ಹುಡುಗನ ಕಾಲಾಗೂ ಲಟಾಪಟಾ ಅನ್ನಾಕ ಹತ್ತಿದ್ವು. ಓಡಾಕ ಹೋದ್ರ ಕಾಲು ಮುಂದ, ಬೂಟು ಹಿಂದ. ಎಲ್ಲಾ ಪಾದ ಒಂದೆರಡು ಸೆಂಟಿಮೀಟರ್ ಹೆಚ್ಚ ಬರದಿತ್ತು, ಅಂಗಡಿಯವ ಅದರ ಮ್ಯಾಲೆ ಬೆಳಿಯೋ ಹುಡುಗರು ಅಂತ ತಂದೊಂದಿಷ್ಟು ಸೇರಿಸಿದ್ದ. ಬಳಸಿದ ಬೂಟು ತಿರುಗಿ ತಗೊಳ್ಳಂಗಿಲ್ಲ ಅಂದ. ಅಡಗಿ ಮಾಡೋ ಹನುಮಂತಮ್ಮ ಹಳೀ ಸೀರಿ ಹರದು ಒಂದೊಂದು ಬೂಟಿನೊಳಗ ತುರುಕಿ ಕೊಟ್ಟಳು.

ಸಮಿತಿ ಸಭಾ ಕರದ್ರು. ವಿರುಪಣ್ಣ ಒಂದು ಬೂಟು ಎತ್ತಿ ಹಿಡದು ಎಲ್ಲಾ ಪಾಲಕರ ಮುಂದ, 'ಒಂದು ಪಾದ ಅಳ್ಯಾಕ ಬರದಾಕಿ ನಮ್ಮ ಹುಡುಗರಿಗೆ ಅಳತಿ ಕಲಿಸ್ತಾಳ' ಅಂದ. ನನ್ನ ಮಾರಿ ಮ್ಯಾಲೆ ಹೊಡದಂಗಾತು.

'ಒಂದರಿಂದ ಸುರು ಮಾಡಂತ ಹುಡುಗರ ತಲ್ಯಾಗ ತುಂಬಿದವರು ಯಾರ್ರಿ?' ಅಂದೆ.

'ನಾ ಹೇಳಿದೆ ಅಂತಾನ ತಿಳಕೋ. ಯಾದಿ ಕೆಳಗ ಸಹಿ ಯಾರದೈತಿ?' ಅಂದ.

ಸಹಿ ನಂದಿತ್ತು. ಅದಕ್ಕ ಇನ್ನಷ್ಟು ಉರಿ ಹತ್ತಿತು. ತಾ ಮಾಡಿದ ತಪ್ಪು ನನ್ನ ತಲಿಗೆ ಕಟ್ಟಿ, ತಾ ದೊಡ್ಡ ಮನುಷ್ಯ ಆದ. ಅವತ್ತು ಮನಿಗೆ ಹೋಗಿ ಉಣ್ಣಲಿಲ್ಲ. ಜೂನ್ ಬಂದ್ರ ಇವನ ಸಹಿ ಬೇಕು, ಇಂವ ಮಾಡಂಗಿಲ್ಲ, ನನ್ನ ಸಾಲಿ ಇಲ್ಲಿಗೆ ಮುಗೀತು ಅನಕೊಂಡೆ. ಆದ್ರ ಹೋಗೋದ್ರೊಳಗ ಇವನ ಮೊಮ್ಮಗಳ ಕೈಲೆ ಸೊನ್ನಿಯಿಂದ ಅಳಿಸೇ ಹೋಗತೀನಿ ಅಂತ ಹಟ ಹಿಡದೆ.

ಮರುದಿನ ಮನಿಯಿಂದ ಜ್ವಾಳದ ದಂಟು ತಗೊಂಡು ಹೋದೆ. ಬ್ಲೇಡಿಲೆ ಒಂದೊಂದು ಸೆಂಟಿಮೀಟರಿನ ತುಂಡು ಕತ್ತರಿಸಿದೆ. ಹುಲಗೆಮ್ಮನ್ನ ಮುಂದ ಕೂಡ್ರಿಸಿ, ಪೆನ್ಸಿಲ್ ಇಟ್ಟು, ಅದರ ಬಾಜು ತುಂಡು ಒಂದಕ್ಕೊಂದು ಹಚ್ಚಿ ಜೋಡಸಂದೆ. ಜೋಡಿಸಿದ್ಳು.

'ಎಣಸು' ಅಂದೆ. 'ನಿಮ್ಮ ಮುತ್ಯಾ ಎಣಸಿದಂಗ ಎಣಸು.'

'ಲಾಭ, ಎರಡು, ಮೂರು…' ಅಂತ ಎಣಿಸಿ, 'ಎಂಟ್ರಿ' ಅಂದ್ಳು.

'ಈಗ ಪಟ್ಟಿಲೆ ಅಳಿ.'

ಒಂದರ ಮ್ಯಾಲೆ ಇಟ್ಟು ಅಳದ್ಳು. 'ಒಂಬತ್ರಿ.'

'ದಂಟು ಎಂಟು, ಪಟ್ಟಿ ಒಂಬತ್ತು. ಪೆನ್ಸಿಲ್ ಒಂದ. ಹೆಚ್ಚಿಂದು ಎಲ್ಲಿಂದ ಬಂತು?'

ಹುಡುಗಿ ಶಾಣ್ಯಾಕಿ, ಸುಳ್ಳು ಹೇಳಬಾರದು. ಒಂದು ದಂಟಿನ ತುಂಡು ತಗೊಂಡು ತಾನ ಪಟ್ಟಿ ಮ್ಯಾಲೆ ಸೊನ್ನಿಗೂ ಒಂದಕ್ಕೂ ನಡುವ ಇಟ್ಟಳು. ಸರಿಯಾಗಿ ಕುಂತಿತು.

'ಅದ ನಿಮ್ಮ ಮುತ್ಯಾನ ಲಾಭ' ಅಂದೆ, ಹೊರಗ ಕೇಳಲಿ ಅಂತ ದನಿ ಎತ್ತಿ. 'ಸೊನ್ನಿಯಿಂದ ಒಂದರ ತನಕ ಇರೋದು ಲಾಭ. ಸೊನ್ನಿ ಅಂದ್ರ ಬರೇ ಹಚ್ಚೋ ಜಾಗಾ. ಅಳ್ಯೋದಕ್ಕ ಒಂದು ಸುರುವಾತಿನ ತುದಿ ಇರತೈತಿ. ಆ ತುದಿಗೆ ಸೊನ್ನಿ ಹಚ್ಚಬೇಕು. ಹಿಂದ ಹಚ್ಚಿದ್ರ ಹೆಚ್ಚಾಕ್ಕೈತಿ, ಒಳಗ ಹಚ್ಚಿದ್ರ ಕಮ್ಮಿ ಆಕ್ಕೈತಿ, ಎರಡೂ ಸುಳ್ಳು.'

ಅವತ್ತಿಂದ ದಿನಾ ಬೆಳಿಗ್ಗೆ ಹುಡುಗರ ಕಡಿಂದ ಹೇಳಸಾಕ ಸುರು ಮಾಡಿದೆ, 'ತುದಿಗೆ ಸೊನ್ನಿ, ತುದಿಗೆ ಸೊನ್ನಿ' ಅಂತ. ಕಟ್ಟಿ ಮ್ಯಾಲಿನವನ ಕಿವಿಗೆ ಬೀಳಲಿ ಅಂತಾನ ಗಟ್ಟಿಯಾಗಿ ಹೇಳಿಸ್ತಿದ್ದೆ. ಹದಿನೈದು ದಿನದಾಗ ಹನ್ನೆರಡಕ್ಕ ಹನ್ನೆರಡು ಹುಡುಗರೂ ಸರಿಯಾಗಿ ಅಳದ್ರು. ಹುಲಗೆಮ್ಮ ಬಾಗಿಲು, ಬೆಂಚು, ಹನುಮಂತಮ್ಮನ ಸೌಟು, ಕಂಡದ್ದೆಲ್ಲಾ ಅಳಿಯಾಕ ಹತ್ತಿದ್ಳು. ಮುತ್ಯಾನ ಮೀಸಿನೂ ಅಳದು ಬಂದು, ಆರು ಸೆಂಟಿಮೀಟರ್ರಿ ಅಂತ ಹೇಳಿದ್ಳು. ವಿರುಪಣ್ಣ ಒಂದು ಮಾತು ಆಡಲಿಲ್ಲ. ನಾ ಗೆದ್ದೆ ಅನಕೊಂಡೆ. ಖರೆ ಹೇಳತೀನಿ, ಭಾಳ ಖುಷಿ ಆಗಿತ್ತು.

ಈ ವರ್ಷ ಜೂನ್ ಬಂತು. ಈ ಸಲ ಮುಂದುವರಿಬೇಕಂದ್ರ ಇಷ್ಟು ವರ್ಷ ಕೆಲಸ ಮಾಡ್ಯಾಳ ಅಂತ ಪ್ರಮಾಣ ಪತ್ರ ಬೇಕು, ಅದರ ಕೆಳಗ ಹೆಡ್ ಮಾಸ್ತರದೂ ಸಮಿತಿ ಅಧ್ಯಕ್ಷಂದೂ ಸಹಿ ಬೇಕು, ಅವತ್ತ ಸಂಜಿ ಐದರೊಳಗ ಕುಷ್ಟಗಿ ಆಫೀಸಿಗೆ ಮುಟ್ಟಬೇಕು ಅಂತ ಒಂದಿನ ಮಧ್ಯಾಹ್ನ ಸುದ್ದಿ ಬಂತು. ಮದಾರಸಾಬ ಸರ್ ಛಲೋ ಮನುಷ್ಯ, ಕೂಡಲೆ ಪತ್ರ ಬರದ್ರು. ವಿರುಪಣ್ಣನ್ನ ಕಟ್ಟಿಯಿಂದ ಒಳಗ ಕರದ್ರು. ನಾ ಗ್ವಾಡಿಗೆ ಆತು ನಿಂತೆ. ಬೈತಾನ, ಬೂಟಿನ ಮಾತು ತಗೀತಾನ, ಪೆನ್ನು ಕೆಳಗ ಒಗೀತಾನ ಅಂತ ಎಲ್ಲದಕ್ಕೂ ತಯಾರಾಗಿದ್ದೆ. ಎಲ್ಲದಕ್ಕೂ ಒಂದೊಂದು ಉತ್ತರ ಬಾಯಾಗ ಇಟ್ಕೊಂಡಿದ್ದೆ.

'ಓದ್ರಿ ಸರ' ಅಂದ ವಿರುಪಣ್ಣ.

ಸರ್ ಓದಿದ್ರು. '…ನಮ್ಮ ಶಾಲೆಯಲ್ಲಿ ಒಟ್ಟು ಒಂಬತ್ತು ವರ್ಷ ಸೇವೆ ಸಲ್ಲಿಸಿರುತ್ತಾರೆ.'

'ಒಂಬತ್ತಲ್ಲ. ಹತ್ತು.'

ಸುರು ಆತು ನೋಡು ಇವನ ಆಟ ಅನಕೊಂಡೆ. ಎಲ್ಲದಕ್ಕೂ ಒಂದು ಹೆಚ್ಚಿಗಿ ಕೂಡಸೋ ಚಟ ಇಂವಗ. ಪತ್ರ ತಪ್ಪಾಗಿ ಹೋಗಲಿ, ಅಲ್ಲಿಂದ ತಿರುಗಿ ಬರಲಿ, ನಾ ಮನ್ಯಾಗ ಕೂಡ್ರಲಿ ಅಂತ ಮಸಲತ್ತು.

'ಹಾಜರಿ ಪುಸ್ತಕದಾಗ ಒಂಬತ್ತ ಐತ್ರಿ ಯಜಮಾನ್ರ' ಅಂದ್ರು ಸರ್. 'ಹತ್ತು ಅಂತ ಬರದ್ರ ಅಲ್ಲಿ ಲೆಕ್ಕ ಹೊಂದಂಗಿಲ್ಲ. ಪತ್ರ ವಾಪಸ್ ಕಳಸತಾರ. ಇವತ್ತ ಕಡೀ ದಿನ.'

'ಹತ್ತು ಅಂತ ಬರೀರಿ, ಸಹಿ ಮಾಡತೀನಿ.'

ನನಗ ತಡಿಯಾಕ ಆಗಲಿಲ್ಲ. 'ಯಾಕ್ರಿ ನನ್ನ ಹೊಟ್ಟಿ ಮ್ಯಾಲೆ ಹೊಡೀತೀರಿ? ನಾ ನಿಮಗ ಏನ್ ಮಾಡೀನಿ? ಬೂಟಿನ ಸಿಟ್ಟು ಇನ್ನೂ ಹೋಗಿಲ್ಲೇನು? ಎಲ್ಲದಕ್ಕೂ ಒಂದು ಹೆಚ್ಚು ಮಾಡೋ ನಿಮ್ಮ ರಾಶಿ ಲೆಕ್ಕ ಇಲ್ಲಿ ತರಬ್ಯಾಡ್ರಿ.'

ವಿರುಪಣ್ಣ ನನ್ನ ಕಡಿ ಹೊಳ್ಳಿದ. ಸಿಟ್ಟು ಬಂದಿತ್ತು ಅವಗ. ನನಗ ಬಂದಷ್ಟ ಬಂದಿತ್ತು.

'ತುದಿಗೆ ಸೊನ್ನಿ ಹಚ್ರಿ ಅಂತ ವರ್ಷ ಪೂರ್ತಿ ನನ್ನ ಕಿವಿ ಮುಂದ ಒದರೀದಿ' ಅಂದ. 'ಒಳಗ ಹಚ್ಚಿದ್ರ ಕಮ್ಮಿ ಬರತೈತಿ ಅಂತ ನನ್ನ ಮೊಮ್ಮಗಳಿಗೆ ನೀನ ಹೇಳಿದಿ. ನಿನ್ನ ಕೆಲಸದ ತುದಿ ಎಲ್ಲೈತಿ? ಇವರು ಸೊನ್ನಿ ಎಲ್ಲಿ ಹಚ್ಯಾರ?'

ಅಂವ ಪತ್ರದ ಮ್ಯಾಲೆ ಬೆರಳು ಇಟ್ಟ.

'ಕಂಕುಳಾಗ ಕೂಸು ಇಟ್ಕೊಂಡು ಬಂದದ್ದು ಯಾವ ವರ್ಷ? ನೀ ಗೇಟಿಗೆ ಬಂದ ವರ್ಷ, ನಾ ಕಟ್ಟಿಗೆ ಬಂದ ವರ್ಷ. ನನ್ನ ಯಾರೂ ಕರೀಲಿಲ್ಲ ಆ ವರ್ಷ, ಮರಿತೀನೇನು? ಅವತ್ತಿಂದ ನಾ ಎಣಿಸೀನಿ. ಇದು ಹತ್ತು. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ.'

'ಆ ವರ್ಷಕ್ಕ ಕಾಗದ ಇಲ್ರಿ' ಅಂದೆ.

'ಕಾಗದ ಇಲ್ಲ. ನೀ ಇದ್ದಿ. ಸೊನ್ನಿಯಿಂದ ಒಂದರ ತನಕ ಇರೋದು ಲಾಭ ಅಂದಿ. ನಿಂದೆಲ್ಲಿ ಹೋತು?'

ಹತ್ತು ವರ್ಷದಾಗ ಆ ವರ್ಷದ ಮಾತು ಯಾರೂ ಆಡಿರಲಿಲ್ಲ. ನನ್ನ ಗಂಡ ಆಡಿಲ್ಲ, ಬೈತಾನ ಅಂತ ನಾನೂ ತಗದಿಲ್ಲ. ಆ ವರ್ಷ ಒಂದನೇತ್ತ್ಯಾಗ ಹನ್ನೊಂದು ಹುಡುಗರಿಗೆ ಅಕ್ಷರ ತಿದ್ದಿಸಿದ್ದೆ. ಆ ಹನ್ನೊಂದು ಹುಡುಗರ ಹೆಸರು ಹಾಜರಿ ಪುಸ್ತಕದಾಗ ಅದಾವ, ಕಲಿಸಿದಾಕಿದು ಇಲ್ಲ. ಇದನ್ನ ಹೇಳಾಕ ಲೋಕದಾಗ ಒಬ್ಬ ಮನುಷ್ಯ ಇದ್ದನಂದ್ರ, ಅಂವ ನನ್ನ ನೋಡಿ ಪುಕ್ಕಟ್ಟಿ ಟೀಚರವ್ವ ಅಂತ ನಕ್ಕಾವನ ಆಗಬೇಕೇನು? ನನಗ ಅಳು ಬಂತು. ಅದಕ್ಕೂ ಮೊದಲ ಸಿಟ್ಟು ಬಂತು.

ಮದಾರಸಾಬ ಸರ್ ಗಡಿಯಾರ ನೋಡಿದ್ರು. ಮೂರು ಗಂಟಿ ಆಗಿತ್ತು, ಕುಷ್ಟಗಿ ಬಸ್ಸು ಮೂರೂ ಕಾಲಿಗೆ. ಸರ್ ನನ್ನ ಕಡಿ ನೋಡಿ, 'ನೀವ ಹೇಳ್ರಿ ಟೀಚರ್' ಅಂದ್ರು.

ವಿರುಪಣ್ಣ ಪೆನ್ನು ಕೈಯಾಗ ಹಿಡಕೊಂಡ. 'ಹೂಂ. ಒಂಬತ್ತು ಅನ್ನೋದಿದ್ರ ಆಕಿ ಬಾಯಿಲೆ ಆಕಿನ ಅನ್ನಲಿ. ನನ್ನ ಬಾಯಿಲೆ ಬರಂಗಿಲ್ಲ.'

ಮನ್ಯಾಗ ಮಗ ಅದಾನ, ಆರನೇತ್ತಿಗೆ ಹೋಗೋ ವಯಸ್ಸಿಗೆ ಬಂದಾನ, ಅದ ಕೂಸು ಹತ್ತು ವರ್ಷದ ಹಿಂದ ಈ ಕೋಣಿ ಮೂಲ್ಯಾಗ ಜೋಳಗ್ಯಾಗ ಮಲಗತಿತ್ತು. ಈ ಸಾಲಿ ಬಿಟ್ರ ನನಗ ಬ್ಯಾರೆ ಕೆಲಸ ಬರಂಗಿಲ್ಲ, ಬ್ಯಾರೆ ಕೆಲಸ ಬೇಕಾಗೂ ಇಲ್ಲ.

'ಒಂಬತ್ರಿ' ಅಂದೆ.

ಸಹಿ ಮಾಡಿದ. ಒಂದೊಂದ ಅಕ್ಷರ ನಿಂತು ನಿಂತು ಬರದ, ಪತ್ರ ನನ್ನ ಕೈಯಾಗ ಕೊಡದ ಮೇಜಿನ ಮ್ಯಾಲೆ ಇಟ್ಟು ಹೊರಗ ಹೋದ. ನಾ ಪತ್ರ ತಗೊಂಡು ಓಡಿದೆ, ಬಸ್ಸು ಸಿಕ್ಕಿತು, ಐದಕ್ಕ ಹತ್ತು ನಿಮಿಷ ಇರುವಾಗ ಕುಷ್ಟಗ್ಯಾಗ ಕೊಟ್ಟು ಬಂದೆ. ವಾರ ಬಿಟ್ಟು ಆದೇಶ ಬಂತು.

ಹಂಗಾಗಿ ಈ ವರ್ಷವೂ ನಾನ ಅದೀನಿ. ವಿರುಪಣ್ಣನ ಮ್ಯಾಲಿನ ಸಿಟ್ಟು ಹೋಗಿಲ್ಲ, ಸುಳ್ಳು ಯಾಕ ಹೇಳಲಿ, ಹೆಚ್ಚಾಗೈತಿ. ಬೈದಾವನ್ನ ಬೈಬಹುದು, ಲೆಕ್ಕ ಸರಿ ಹೇಳಿದಾವನ್ನ ಏನ್ ಮಾಡೋದು? ಹೋದ ವಾರ ಹೊಸ ಎರಡನೇತ್ತಿಗೆ ಅಳತಿ ಪಾಠ ಸುರು ಮಾಡಿದೆ. ಪಟ್ಟಿ ಕೊಟ್ಟೆ, ಪೆನ್ಸಿಲ್ ಕೊಟ್ಟೆ, 'ತುದಿಗೆ ಸೊನ್ನಿ ಹಚ್ರಿ' ಅನ್ನಾಕ ಹೋದೆ. ಕಿಟಕಿ ಹೊರಗ ಅಂವ ಕುಂತಿದ್ದ. ಮೊದಲ ಅಂವ ಕೇಳಲಿ ಅಂತ ದನಿ ಎತ್ತತಿದ್ದೆ. ಈಗ ಹುಡುಗರಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಲೆ ಹೇಳತೀನಿ.